ದೊಡ್ಡ ನಂಬರಿನ ಮೋಟಾರು ಮತ್ತು ನಮ್ಮ ಅತ್ತಿಯವರ ಟ್ರಂಕು

ಹೋದ ವಾರ ಸಂಜಿ ಮುಂದ ಭಕ್ಕರಿ ಬಡೀಲಿಕ್ಕೆ ನಿಂತಿದ್ದೆ, ಹುಬ್ಬಳ್ಳಿಯಿಂದ ವೈನಿ ಫೋನು ಬಂತು. ಕೈತುಂಬ ಹಿಟ್ಟು. ಮಗಳು ಫೋನು ಕಿವಿಗೆ ಹಿಡದು ನಿಂತ್ಲು.

"ಏ, ನಮ್ಮ ಹುಡುಗನೂ ನಿಮ್ಮವನಂಗ ರಿಮೋಟ್ ಕಾರಿಗೆ ಬ್ರಷ್‌ಲೆಸ್ ಮೋಟಾರು ಬೇಕಂತ ಹಟಾ ಹಿಡದಾನ. ಎರಡು ಫೋಟೋ ಕಳಿಸೀನಿ, ವಾಟ್ಸಪ್ ನೋಡು. ಒಂದರ ಮ್ಯಾಲೆ 4300 ಅಂತ ಬರದದ, ಇನ್ನೊಂದರ ಮ್ಯಾಲೆ 3300. ಮಜಾ ಅಂದ್ರ ಸಣ್ಣ ನಂಬರಿಂದಕ್ಕ ರೊಕ್ಕ ಜಾಸ್ತಿ! ದೊಡ್ಡ ನಂಬರಿಂದು ಸೋವಿ ಸಿಗತದ ಅಂದಮ್ಯಾಲೆ ಅದನ್ನ ತಗೊಳ್ಳೂದು ಛೊಲೊ ಅಲ್ಲೇನು?"

"ವೈನಿ, ತಡೀರಿ. ಇನ್ನೂ ರೊಕ್ಕ ಕಳಸಬ್ಯಾಡ್ರಿ. ನಾ ಎಲ್ಲಾ ಬರದು ಹಾಕ್ತೀನಿ, ಓದಿ ಆಮ್ಯಾಲೆ ತಗೋರಿ" ಅಂದೆ. ಆ ಮಾತಿನ ಸಲುವಾಗಿ ಇವತ್ತು ಅಡಗಿ ವಿಷಯಾ ಬಿಟ್ಟು ಮೋಟಾರಿನ ವಿಷಯಾ ಬರೀಲಿಕ್ಕೆ ಕೂತೀನಿ. ನಗಬ್ಯಾಡ್ರಿ. ನಾ ಓದಿದ್ದು ಬಿ.ಎ., ಅದೂ ಇತಿಹಾಸ. ಆದ್ರ ಈ ವಿಷಯದಾಗ ನಮ್ಮ ಮನಿಯವರು ಕೈ ಸುಟಗೊಂಡಾರ, ಮತ್ತ ಸುಟಗೊಂಡವರ ಮಾತು ಕೇಳೂದು ಛೊಲೊ.

ನನ್ನ ಅಭಿಪ್ರಾಯ ಮೊದಲಿಗೇ ಹೇಳಿಬಿಡ್ತೀನಿ. ಮೋಟಾರಿನ ಮ್ಯಾಲಿನ ನಂಬರು ದೊಡ್ಡದಿದ್ರ ಮೋಟಾರು ದೊಡ್ಡದು ಅಂತ ಅಲ್ಲ. ಮಕ್ಕಳಿಗೆ ಇಂಥಾದ್ದು ಕೊಡಸೂ ತಾಯಂದಿರು ರೊಕ್ಕ ಕೊಟ್ಟು ಕೈ ತೊಳಕೊಳ್ಳಬಾರದು, ಆ ನಂಬರಿನ ಅರ್ಥ ತಿಳಕೊಂಡೇ ಕೊಡಸಬೇಕು. ತಿಳಕೊಳ್ಳೂದು ಏನೂ ಕಠಿಣ ಇಲ್ಲ. ನಮಗ ಗೊತ್ತಿದ್ದ ಸಾಮಾನುಗಳೊಳಗೇ ಎಲ್ಲಾ ಅದ.

ಮೊದಲಿಗೆ ಬ್ರಷ್ ಅಂದ್ರೇನು, ಬ್ರಷ್‌ಲೆಸ್ ಅಂದ್ರೇನು. ಬ್ರಷ್ ಇರೋ ಮೋಟಾರು ನಮ್ಮ ಮಿಕ್ಸರಿನ್ಯಾಗ ಅದ. ಶೇಂಗಾ ಹಿಂಡಿ ಮಾಡೂ ಮುಂದ ಕತ್ತಲಿದ್ರ ಕೆಳಗಿನ ಸಂದ್ಯಾಗ ನೀಲಿ ಕಿಡಿ ಕಾಣಸ್ತಾವಲ್ಲ, ಅದು ಕಾರ್ಬನ್ ತುಂಡು ತಿರಗೂ ಭಾಗಕ್ಕ ತಿಕ್ಕೂದು. ತಿಕ್ಕಿ ತಿಕ್ಕಿ ಅದು ಸವೀತದ. ರಿಪೇರಿ ಅಂಗಡಿಯವ "ಕಾರ್ಬನ್ ಹೋಗೇದ ಅಕ್ಕಾರ" ಅಂತ ಹೇಳಿ ಬದಲಿ ಹಾಕ್ತಾನ. ಸೋವಿ ರಿಮೋಟ್ ಕಾರಿನ ಮೋಟಾರೂ ಇದೇ ಜಾತಿಯದು.

ಬ್ರಷ್‌ಲೆಸ್ ಒಳಗ ತಿಕ್ಕೂ ಮಾತೇ ಇಲ್ಲ. ತಂತಿ ಸುರುಳಿ ಹೊರಗಿನ ಡಬ್ಬಿಗೆ ಅಂಟಿಕೊಂಡು ಸುಮ್ನ ಕೂತಿರ್ತದ, ನಡುವ ಇರೋ ಅಯಸ್ಕಾಂತ ತಿರಗತದ. ಹೊರಗ ಮೂರು ವೈರು ಬಂದಿರ್ತಾವ. ಇಎಸ್‌ಸಿ ಅಂತ ಒಂದು ಸಣ್ಣ ಪೆಟ್ಟಿಗಿ ಆ ಮೂರು ವೈರಿಗೆ ಸರದಿ ಮ್ಯಾಲೆ ಕರೆಂಟು ಬಿಡ್ತದ. ಮೂರು ಮಂದಿ ಸುತ್ತಲೂ ಕೂತು ನಡುವಿನ ಕೂಸಿಗೆ ಒಬ್ಬರಾದ ಮ್ಯಾಲೆ ಒಬ್ಬರು "ಬಾ ಬಾ" ಅಂತ ಕರದ್ರ ಕೂಸು ಹೆಂಗ ಗಿರಕಿ ಹೊಡೀತದ, ಹಂಗ. ತಿಕ್ಕಾಟ ಇಲ್ಲದ್ದಕ್ಕ ಕಿಡಿ ಇಲ್ಲ, ಸವಿಯೂದು ಕಡಿಮಿ, ಅಷ್ಟೇ ಬ್ಯಾಟರಿಯೊಳಗ ಜಾಸ್ತಿ ಕೆಲಸ.

ಈಗ ಎಲ್ಲಾರ ಮನ್ಯಾಗ ಬರ್ಲಿಕ್ಕೆ ಹತ್ತಿದ ಬಿಎಲ್‌ಡಿಸಿ ಫ್ಯಾನೂ ಬ್ರಷ್‌ಲೆಸ್ಸೇ. ಹಳೇ ಫ್ಯಾನು ಸುಮಾರು 75 ವ್ಯಾಟ್ ತಿಂದ್ರ ಇದು 30ರ ಆಸುಪಾಸು ತಿಂತದ. ಆದ್ರ ಒಂದು ಮಾತು. ಹಳೇ ಫ್ಯಾನಿನ್ಯಾಗೂ ಬ್ರಷ್ ಇರಲಿಲ್ಲ, ಅದರ ರೀತಿನೇ ಬ್ಯಾರೆ. ಹೊಸಾದರಾಗ ಕರೆಂಟು ಉಳಿಯೂದು ಒಳಗಿನ ಕಾಯಂ ಅಯಸ್ಕಾಂತದಿಂದ, ಮತ್ತ ಕರೆಂಟನ್ನ ಲೆಕ್ಕಾ ಹಿಡದು ಬಿಡೋ ಸರ್ಕೀಟಿನಿಂದ.

ಈಗ ನಮ್ಮ ಮನಿ ಕತಿ.

ಮಗನ ಮುಂಜವಿಗೆ ಬೆಂಗಳೂರಿನ ನಮ್ಮ ಮೈದುನ ಒಂದು ದೊಡ್ಡ ರಿಮೋಟ್ ಟ್ರಕ್ ಕೊಟ್ಟಿದ್ದ. ಖರೇ ಗಾಡಿಯ ಹತ್ತರಾಗ ಒಂದು ಪಾಲಿನದು, ತೂಕ ಎರಡು ಕಿಲೋದ ಮ್ಯಾಲೆ. ಅದರಾಗ ಬ್ರಷ್ ಮೋಟಾರಿತ್ತು. ನಮ್ಮ ಲೇಔಟಿನ ಖಾಲಿ ಸೈಟಿನ ಧೂಳಾಗ ಓಡಿಸಿ ಓಡಿಸಿ ಆರು ತಿಂಗಳಿಗೆ ಅದು ಸವದು ಹೋತು. "ಅಮ್ಮಾ, ಬ್ರಷ್‌ಲೆಸ್ ಹಾಕಸ್ತೀನಿ" ಅಂದ. ದೀಪಾವಳಿಗೆ ಬಂದ ರೊಕ್ಕಕ್ಕ ನಾನೂ ಒಂದಿಷ್ಟು ಕೂಡಿಸಿ ಕೊಟ್ಟೆ. ಏನು ತಗೋತಿ, ಯಾಕ ತಗೋತಿ ಅಂತ ಒಂದು ಮಾತು ಕೇಳಲಿಲ್ಲ. ಒಂಬತ್ತನೇ ಇಯತ್ತೆಯ ಹುಡುಗ, ನನಕಿಂತ ಜಾಸ್ತಿ ಗೊತ್ತಿರ್ತದ ಅನ್ಕೊಂಡೆ.

ಅವ ತಗೊಂಡಿದ್ದು ವೈನಿ ಕಳಿಸಿದ ಫೋಟೋದಾಗಿನ 4300ರ ಜಾತಿಯದೇ. ಡಬ್ಬಿ ಮ್ಯಾಲೆ ಬೆಂಕಿ ಚಿತ್ರ, ಭಾರಿ ವ್ಯಾಟಿನ ಅಂಕಿ. ಜೋಡಿಗೆ ಗೆಳ್ಯಾನ ಮಾತು ಕೇಳಿ ಮೂರು ಸೆಲ್ಲಿನ ಲೈಪೋ ಬ್ಯಾಟರಿ. "ಮೂರು ಸೆಲ್ ಹಾಕಿದ್ರ ಹಾರ್ತದ" ಅಂದಿದ್ನಂತ ಆ ಗೆಳ್ಯಾ. ಖರೇನ ಹಾರ್ತು. ನಾಕು ದಿನ. ಐದನೇ ದಿನ ಸುಟ್ಟ ವಾಸನಿ ಬಂದು ನಿಂತ್ತು. ಮೋಟಾರು ಮುಟ್ಟಿದ್ರ ಹಂಚು ಮುಟ್ಟಿದಂಗ. ಅವ ನಮಗ ಹೇಳಿದ್ದು "ಒಂದು ವೈರು ಬಿಚ್ಚೇದ ಅಷ್ಟೇ" ಅಂತ. ನಾವೂ ನಂಬಿದ್ವಿ.

ಒಂದು ಇಪ್ಪತ್ತು ದಿನ ಆಗಿರಬೇಕು. ಛೊಲೊ ಬಿಸಲು ಬಿದ್ದಿತ್ತು ಅಂತ ನಮ್ಮ ಅತ್ತಿಯವರು ತಮ್ಮ ಟ್ರಂಕು ತಗದ್ರು, ಇಳಕಲ್ಲ ಸೀರಿ ಬಿಸಲಿಗೆ ಹಾಕ್ಲಿಕ್ಕೆ. ಆ ಟ್ರಂಕು ಅವರ ಮಂಚದ ಕೆಳಗೇ ಇರೂದು. ಸೀರಿ ನಡುವ ಕೈ ಹಾಕಿ ಏನೋ ಹೊರಗ ತಗದು, "ಇದೇನ ಇದು, ಹಪ್ಪಳ ಉಬ್ಬಿದಂಗ ಉಬ್ಬೇದ, ಒತ್ತಿದ್ರ ಮೆತ್ತಗದ" ಅಂತ ಅಂಗೈಯಾಗ ಹಿಡಕೊಂಡು ಪಡಸಾಲಿಗೆ ಬಂದ್ರು. ಓದಕೋತ ಕೂತಿದ್ದ ಮಗನ ಮಾರಿ ಬಿಳಿಚಿತು. "ಅಜ್ಜಿ! ಒತ್ತಬ್ಯಾಡಾ! ಕೆಳಗ ಇಡು!" ಅಂತ ಒದರಿದ ಒದರಾಟಕ್ಕ ನಾ ಒಲಿ ಮ್ಯಾಲಿನ ಹಾಲು ಬಿಟ್ಟು ಓಡಿ ಬಂದೆ.

ಅದು ಆ ಮೂರು ಸೆಲ್ಲಿನ ಬ್ಯಾಟರಿ. ಅಪ್ಪನ ಅಂಜಿಕಿಗೆ, ಯಾರೂ ತಗಿಯೂದಿಲ್ಲ ಅಂತ ಅಜ್ಜಿ ಟ್ರಂಕಿನ್ಯಾಗ ಮುಚ್ಚಿಟ್ಟಿದ್ದ.

ಲೈಪೋ ಬ್ಯಾಟರಿ ಉಬ್ಬೇದ ಅಂದ್ರ ಒಳಗ ಕೆಟ್ಟು ಗ್ಯಾಸ್ ತುಂಬೇದ ಅಂತ. ಅದಕ್ಕ ಚುಚ್ಚಿದ್ರ, ಜಜ್ಜಿದ್ರ, ಎರಡು ವೈರು ಒಂದಕ್ಕೊಂದು ತಾಗಿದ್ರ ಭಗ್ಗನ ಉರಿ ಹತ್ತಬಹುದು. ಅಂಥಾದ್ದರ ಮ್ಯಾಲೆ ನಮ್ಮ ಅತ್ತಿಯವರು ಇಪ್ಪತ್ತು ದಿನ ಮಲಗಿದ್ರು. ಅವತ್ತ ರಾತ್ರಿ ನನಗ ನಿದ್ದಿ ಬರಲಿಲ್ಲ. ಸಿಟ್ಟು ಮಗನ ಮ್ಯಾಲೆ ಬರಬೇಕಿತ್ತು, ಬಂದಿದ್ದು ನನ್ನ ಮ್ಯಾಲೆ. ನಾ ಕೇಳಿದ್ರ ಅವ ಹೇಳ್ತಿದ್ದ. ನಾ ಕೇಳಿರಲೇ ಇಲ್ಲ.

ನಮ್ಮ ಮನಿಯವರು "ನಾಳಿಂದ ಈ ಕಾರು ಅಟ್ಟದ ಮ್ಯಾಲೆ" ಅಂತ ಠರಾವು ಮಾಡಿಬಿಟ್ರು. ಅತ್ತಿಯವರೇ ಬ್ಯಾಡಂದ್ರು. "ಕೈ ಸುಟ್ಟಿತು ಅಂತ ಯಾರರ ಒಲಿ ಒಗದಾರೇನು? ಹೆಂಗ ಹಚ್ಚಬೇಕು ಅನ್ನೂದು ಕಲಸ್ರಿ. ಇವನಿಗೆ ಅಷ್ಟ ಅಲ್ಲ, ನೀವೂ ಕಲೀರಿ."

ಬ್ಯಾಟರಿ ಹಿತ್ತಲದಾಗ ಉಸುಕು ತುಂಬಿದ ಬಕೀಟಿನ್ಯಾಗ ಇಟ್ಟು, ಆಮ್ಯಾಲೆ ಹಳೇ ಎಲೆಕ್ಟ್ರಾನಿಕ್ ಸಾಮಾನು ತಗೊಳ್ಳೂ ಕಡೆ ಹೇಳಿ ಕೊಟ್ಟು ಬಂದ್ವಿ. ಮರುದಿನದಿಂದ ಊಟಾ ಆದಮ್ಯಾಲೆ ಮಗಾ ನಾನೂ ಒಂದು ನೋಟ್‌ಬುಕ್ ಹಿಡದು ಕೂತ್ವಿ. ಕಲಿತಿದ್ದು ಇಷ್ಟು.

ಆ 4300, 3300ರ ಮುಂದ ಕೆವಿ ಅಂತ ಬರದಿರ್ತದ. ಒಂದು ವೋಲ್ಟಿಗೆ, ಭಾರ ಇಲ್ಲದಾಗ, ಮೋಟಾರು ಒಂದು ನಿಮಿಷಕ್ಕ ಎಷ್ಟು ಸುತ್ತು ತಿರಗತದ ಅನ್ನೂದು ಅದರ ಅರ್ಥ. ಶಕ್ತಿ ಅಲ್ಲ, ಬರೇ ಸುತ್ತಿನ ಲೆಕ್ಕ. ಲೈಪೋದ ಒಂದು ಸೆಲ್ಲು 3.7 ವೋಲ್ಟು, ಎರಡು ಸೆಲ್ಲು 7.4, ಮೂರು ಸೆಲ್ಲು 11.1. ಗುಣಾಕಾರ ಮಾಡ್ರಿ.

3300 ಕೆವಿಗೆ ಎರಡು ಸೆಲ್ಲು ಹಾಕಿದ್ರ 24,420 ಸುತ್ತು.
4300 ಕೆವಿಗೆ ಎರಡು ಸೆಲ್ಲು ಹಾಕಿದ್ರ 31,820 ಸುತ್ತು.
4300 ಕೆವಿಗೆ ಮೂರು ಸೆಲ್ಲು, ಅಂದ್ರ ನಮ್ಮ ಮಗರಾಯ ಮಾಡಿದ್ದು, 47,730 ಸುತ್ತು!

ನಮ್ಮ ಮಿಕ್ಸರು ಖಾಲಿ ಜಾರಿನ್ಯಾಗ ಜೋರಾಗಿ ತಿರಗಿದ್ರ 18–20 ಸಾವಿರದ ಆಸುಪಾಸು. ಅದರ ಎರಡಪಟ್ಟಿಗಿಂತ ಜಾಸ್ತಿ, ಅದೂ ಎರಡು ಕಿಲೋದ ಗಾಡಿ ಎಳಕೋತ. ಸುಡದ ಇನ್ನೇನು ಆಗಬೇಕು?

ಇನ್ನೊಂದು ಮಾತು. ಒಂದೇ ಅಳತಿಯ ಎರಡು ಮೋಟಾರು ಇದ್ರ, ಕೆವಿ ಕಡಿಮಿ ಇದ್ದದ್ದು ಅಷ್ಟೇ ಕರೆಂಟಿನ್ಯಾಗ ಜಾಸ್ತಿ ತಿರುವು ಬಲ ಕೊಡ್ತದ. ಬೀಸೂ ಕಲ್ಲು ನೆನಸಿಕೋರಿ. ಒಬ್ಬಾಕಿ ಖಾಲಿ ಕಲ್ಲು ಗರಗರ ತಿರುಗಸ್ತಾಳ, ಒಂದು ಮುಟಗಿ ಜೋಳಾ ಬಿದ್ದ ಕೂಡಲೇ ಏದುಸಿರು ಬಿಡ್ತಾಳ. ಇನ್ನೊಬ್ಬಾಕಿ ಸಾವಕಾಶ ತಿರುಗಸ್ತಾಳ, ಆದ್ರ ಪಾವು ಜೋಳಾ ಬೀಸಿ ಏಳ್ತಾಳ. ದೊಡ್ಡ ಕೆವಿ ಮೊದಲನೇಕಿ. ಭಾರ ಬಿದ್ದಾಗ ಅದು ಬ್ಯಾಟರಿಯಿಂದ ರಪರಪ ಕರೆಂಟು ಎಳೀತದ, ಕಾಯ್ತದ. ಹಗುರ ಕಾರು, ಸಪಾಟ ಡಾಂಬರ ರಸ್ತಾ ಇದ್ರ ಆಕಿ ಛೊಲೊನ. ನಮ್ಮಂಗ ಎರಡು ಕಿಲೋದ ಟ್ರಕ್ಕು, ಹುಲ್ಲು, ಕಲ್ಲು, ಎರಿ ಮಣ್ಣು ಇದ್ರ ಎರಡನೇಕಿ ಬೇಕು.

ಕೆವಿ ಬಿಟ್ಟು ಇನ್ನೊಂದು ನಂಬರು ಇರ್ತದ. ಅದನ್ನ ಯಾರೂ ನೋಡೂದಿಲ್ಲ, ನೋಡಬೇಕಾದ್ದು ಅದೇ. 3650, 3660 ಅಂತ. ಮೊದಲಿನ ಎರಡು ಅಂಕಿ ಡಬ್ಬಿಯ ಅಗಲ, 36 ಮಿಲಿಮೀಟರು. ಕಡೀ ಎರಡು ಅಂಕಿ ಉದ್ದ, 50 ಇಲ್ಲಾ 60 ಮಿಲಿಮೀಟರು. ಹತ್ತು ಮಿಲಿಮೀಟರು ಉದ್ದ ಜಾಸ್ತಿ ಅಂದ್ರ ಒಳಗ ತಾಮ್ರ ಜಾಸ್ತಿ, ಅಯಸ್ಕಾಂತ ಜಾಸ್ತಿ, ಕಾವು ತಡಕೊಳ್ಳೂ ಮೈ ಜಾಸ್ತಿ. ವೈನಿ ಫೋಟೋದಾಗಿನ 4300ದ್ದು 3650 ಅಳತಿದು, 3300ದ್ದು 3660. ಈಗ ತಿಳೀತಲ್ಲ ಯಾಕ ಸಣ್ಣ ನಂಬರಿಂದಕ್ಕ ರೊಕ್ಕ ಜಾಸ್ತಿ ಅಂತ? ತೂಕದ ಮಾಲಿಗೆ ತೂಕದ ರೊಕ್ಕ. ಆದ್ರ ತಗೊಳ್ಳೂ ಮೊದಲು ಕಾರಿನ್ಯಾಗ ಆ ಹತ್ತು ಮಿಲಿಮೀಟರಿಗೆ ಜಾಗಾ ಅದನೋ ಇಲ್ಲೋ ಹುಡುಗಗ ಅಳೀಲಿಕ್ಕೆ ಹೇಳ್ರಿ. ಅದಕಿಂತ ದೊಡ್ಡ ಗಾಡಿಗಳಿಗೆ, ಅಂದ್ರ ಎಂಟರಾಗ ಒಂದು ಪಾಲಿನವಕ್ಕ, 42 ಮಿಲಿಮೀಟರು ಅಗಲದ್ದು ಬರ್ತದ. ಅದು ನಮ್ಮ ಕಾರಿಗೆ ಸಂಬಂಧ ಇಲ್ಲ.

ಡಬ್ಬಿ ಮ್ಯಾಲಿನ ವ್ಯಾಟ್ ನೋಡಿ ಮಳ್ಳಾಗಬ್ಯಾಡ್ರಿ. ಭಾಳ ಸಲ ಅದು ಕ್ಷಣಮಾತ್ರಕ್ಕ ತಡಕೊಳ್ಳೂ ಅಂಕಿ, ಕಾಯಂ ಅಲ್ಲ. ಮಿಕ್ಸರ್ ತಗೊಳ್ಳೂ ಮುಂದ ನಾವು ಬರೇ ವ್ಯಾಟ್ ನೋಡ್ತೀವೇನು? ಜಾರು, ಬ್ಲೇಡು ನೋಡ್ತೀವಿ, ಗ್ಯಾರಂಟಿ ಕೇಳ್ತೀವಿ. ಇಲ್ಲೂ ಹಂಗ.

ಸೆನ್ಸರ್ ಇದ್ದದ್ದು, ಸೆನ್ಸರ್ ಇಲ್ಲದ್ದು ಅಂತ ಮತ್ತೆರಡು ನಮೂನಿ. ಮೋಟಾರು ನಿಂತಾಗ ಒಳಗಿನ ಅಯಸ್ಕಾಂತ ಯಾವ ಕಡೆ ಮಾರಿ ಮಾಡಿ ನಿಂತದ ಅನ್ನೂದು ಇಎಸ್‌ಸಿಗೆ ಗೊತ್ತಿರೂದಿಲ್ಲ. ತಿರಗಲಿಕ್ಕೆ ಹತ್ತಿದಮ್ಯಾಲೆ ಗೊತ್ತಾಗತದ. ಅದಕ್ಕ ಸೆನ್ಸರ್ ಇಲ್ಲದ್ದು ಹೊರಡೂ ಮುಂದ ಒಂದೆರಡು ಸಲ ತಡವರಿಸಿ ಹೊಂಡತದ. ಸೆನ್ಸರ್ ಇದ್ದದ್ದು ನುಣ್ಣಗ ಹೊಂಡತದ. ರೇಸ್ ಆಡೋರಿಗೆ, ಕಲ್ಲು ಬಂಡಿ ಹತ್ತಸೋರಿಗೆ ಅದು ಬೇಕು. ಅಂಗಳದಾಗ, ಮಣ್ಣಾಗ ಓಡಸೂ ಹುಡುಗರಿಗೆ ಬ್ಯಾಡ. ರೊಕ್ಕ ಜಾಸ್ತಿ, ಮ್ಯಾಲೆ ಇನ್ನೊಂದು ಸಣ್ಣ ವೈರು, ಅದಕ್ಕ ಧೂಳು ಹೊಕ್ಕು ಕಿರಿಕಿರಿ. ಈ ಮಾತಿನ್ಯಾಗ ನನ್ನ ಮಗಾ ಇನ್ನೂ ಒಪ್ಪಿಲ್ಲ, ಅವಗ ಸೆನ್ಸರಿಂದೇ ಬೇಕಂತ. ನನ್ನ ಮಾತು ನಾ ಬಿಟ್ಟಿಲ್ಲ.

ಕಾವಿನ ಮಾತು ಮರೀಬ್ಯಾಡ್ರಿ. ಇದರಾಗಿನ ಅಯಸ್ಕಾಂತ ನಿಯೋಡಿಮಿಯಂದು. ಜಪಾನಿನ ಮಸಾತೋ ಸಗಾವಾ ಅನ್ನೋರು, ಅದೇ ಹೊತ್ತಿಗೆ ಅಮೆರಿಕಾದ ಜನರಲ್ ಮೋಟರ್ಸ್‌ನವರೂ, 1980ರ ದಶಕದ ಸುರುವಿನ್ಯಾಗ ಕಂಡುಹಿಡದಿದ್ದು. ಬೆರಳಿನಷ್ಟು ತುಂಡಿನ್ಯಾಗ ಇಷ್ಟು ಬಲಾ ಬಂದಿದ್ದು ಅದರಿಂದ. ಆದ್ರ ಸಾದಾ ದರ್ಜೆಯದು 80 ಡಿಗ್ರಿ ದಾಟಿದ್ರ ಬಲಾ ಕಳಕೊಳ್ಳಲಿಕ್ಕೆ ಹತ್ತತದ, ಮತ್ತ ಹೋದದ್ದು ತಿರಗಿ ಬರೂದಿಲ್ಲ. ಐದು ನಿಮಿಷ ಓಡಿಸಿ ನಿಂದರಿಸಿ ಬೆರಳು ಇಟ್ಟು ನೋಡೂದು. ಮೂರು ನಾಕು ಸೆಕೆಂಡು ಇಡಲಿಕ್ಕಾಗದಿದ್ರ ಗಾಡಿ ಬಂದ್. ಪ್ರತಿ ಸಲ ಕಾಯ್ತದ ಅಂದ್ರ ಮೋಟಾರಿಗೆ ಹಾಕಿದ ಸಣ್ಣ ಹಲ್ಲಿನ ಗಾಲಿ ಅದಕ್ಕ ಭಾರ ಆಗೇದ, ಇನ್ನೂ ಒಂದೆರಡು ಹಲ್ಲು ಕಡಿಮಿ ಇದ್ದದ್ದು ಹಾಕಬೇಕು.

ಆ ಎರಡು ಗಾಲಿ ಕೂಡಸೂ ಕೆಲಸಾ ನಮ್ಮ ಮನ್ಯಾಗ ಆರನೇ ಇಯತ್ತೆ ಮಗಳದು. ನಡುವ ಒಂದು ಪಟ್ಟಿ ನೋಟ್‌ಬುಕ್ ಹಾಳಿ ಇಟ್ಟು, ಒತ್ತಿ ಹಿಡದು ಸ್ಕ್ರೂ ಬಿಗದು, ಹಾಳಿ ಎಳದು ತಗಿಯೂದು. ಅಷ್ಟು ಸಂದು ಉಳದ್ರ ಸಾಕು. ಭಾಳ ಬಿಗಿ ಆದ್ರ ಕಾಯ್ತದ, ಸಡಲಾದ್ರ ಹಲ್ಲು ಹಾರ್ತಾವ. ಅಣ್ಣ ಧಡಾಧಡಿ ಮಾಡ್ತಾನ, ಈಕಿ ರಂಗೋಲಿ ಚುಕ್ಕಿ ಇಟ್ಟಂಗ ಮಾಡ್ತಾಳ. ಬಾಜೂ ಮನಿ ಕಾಕೂ ಒಮ್ಮೆ ನೋಡಿ, "ಹೆಣ್ಣು ಹುಡುಗಿಗೆ ಯಾಕ ಸ್ಕ್ರೂಡ್ರೈವರ್ ಕೊಟ್ಟಿ?" ಅಂದ್ರು. ನಾಳೆ ಆಕಿ ಮನಿ ಮಿಕ್ಸರು ನಿಂತ್ರ ಆಕಿ ಇನ್ನೊಬ್ಬರ ದಾರಿ ಕಾಯಬಾರದು ಅಂತ ಕೊಟ್ಟೀನ್ರಿ ಕಾಕೂ. ಬ್ಯಾಸರ ಮಾಡಕೋಬ್ಯಾಡ್ರಿ.

ಕಡೀಕೆ ಬ್ಯಾಟರಿ. ನಮ್ಮದು ಉಬ್ಬಿದ್ದು ಯಾಕ ಅಂತ ಆಮ್ಯಾಲೆ ತಿಳೀತು. ಇಎಸ್‌ಸಿ ಒಳಗ "ಯಾವ ಬ್ಯಾಟರಿ" ಅಂತ ಒಂದು ಸೆಟ್ಟಿಂಗ್ ಇರ್ತದ. ಅದು ಲೈಪೋ ಅಂತ ಇರಬೇಕಾದಲ್ಲೆ ಬ್ಯಾರೆ ಜಾತಿಗೆ ಇಟ್ಟಿದ್ದ. ಹಿಂಗಾಗಿ ಒಂದು ಸೆಲ್ಲು 3 ವೋಲ್ಟಿನ ಕೆಳಗ ಇಳದ್ರೂ ಅದು ನಿಲ್ಲಸಲಿಲ್ಲ, ಹಿಂಡಿ ಹಿಂಡಿ ಹಾಕ್ತು. ಈಗ ನಮ್ಮ ಮನಿ ಕಟ್ಟಳಿ ಇಂಥಾವು:

ಚಾರ್ಜ್ ಮಾಡೂದು ಪಡಸಾಲಿ ಫರಸಿ ಮ್ಯಾಲೆ. ಗಾದಿ ಮ್ಯಾಲೆ ಅಲ್ಲ, ಪರದೆ ಹತ್ರ ಅಲ್ಲ. ಯಾರರ ಎದುರಿಗೆ ಕೂತಿರಬೇಕು. ರಾತ್ರಿ ಹಚ್ಚಿ ಮಲಗೂದು ಬಂದ್.

ಚಾರ್ಜರು ಎಲ್ಲಾ ಸೆಲ್ಲು ಸಮಾ ತುಂಬೂ ಬ್ಯಾಲೆನ್ಸ್ ಚಾರ್ಜರೇ ಇರಬೇಕು. ಒಂದು ಸೆಲ್ಲಿಗೆ 4.2 ವೋಲ್ಟಿಗಿಂತ ಜಾಸ್ತಿ ಇಲ್ಲ.

ಓಡಸೂದಿಲ್ಲ ಅಂದ್ರ 3.8 ವೋಲ್ಟಿಗೆ ತಂದು ಇಡೂದು. ಪೂರ್ತಿ ತುಂಬಿ ಇಡಬಾರದು, ಖಾಲಿ ಮಾಡಿಯೂ ಇಡಬಾರದು.

ಉಬ್ಬಿದ್ದು ಕಂಡ್ರ ಆ ಕ್ಷಣಾ ಹೇಳಬೇಕು. ಹೇಳಿದವಗ ಬೈಗುಳ ಇಲ್ಲ. ಈ ಕಟ್ಟಳಿ ಅತ್ತಿಯವರದು, ಮತ್ತ ಎಲ್ಲಾದಕಿಂತ ಇದೇ ದೊಡ್ಡದು ಅಂತ ನನಗ ಅನಸ್ತದ.

"ಆಟಗಿ ಸಾಮಾನಿಗೆ ಇಷ್ಟೆಲ್ಲಾ ಯಾಕ? ಆ ರೊಕ್ಕದಾಗ ಒಂದು ಟ್ಯೂಷನ್ ಹಚ್ಚಬಹುದಿತ್ತು" ಅಂತ ಕೇಳೋರು ಅದಾರ. ಅವರ ಮಾತಿನ್ಯಾಗೂ ಹುರುಳದ. ಈ ಹವ್ಯಾಸ ಸೋವಿ ಅಲ್ಲ. ಮೋಟಾರು, ಇಎಸ್‌ಸಿ, ಬ್ಯಾಟರಿ, ಚಾರ್ಜರು ಕೂಡಿದ್ರ ಸಹಜ ಹತ್ತು ಸಾವಿರದ ಹತ್ರ ಹೋಗತದ. ಆಗದವರು ಕೊಡಸಬಾರದು, ಸಾಲಾ ಮಾಡಿಯಂತೂ ಬ್ಯಾಡೇ ಬ್ಯಾಡ. ಆದ್ರ ಕೊಡಸೂದೇ ಆದ್ರ ಅರ್ಧಾ ಕೊಡಸಬಾರದು. ಮೋಟಾರಿಗೆ ಸುರವಿ ಚಾರ್ಜರಿಗೆ ಜೀನತನ ಮಾಡೂದು ಅಂದ್ರ ಗ್ಯಾಸ್ ಒಲಿಗೆ ಸುರವಿ ರಬ್ಬರ್ ಪೈಪು ಹಳೇದು ಹಾಕಿದಂಗ. ಜೋಡಿಗೆ ನಮ್ಮ ಹೊತ್ತನ್ನೂ ಲೆಕ್ಕದಾಗ ಹಿಡೀಬೇಕು. ಅದು ಡಬ್ಬಿ ಮ್ಯಾಲೆ ಬರದಿರೂದಿಲ್ಲ. ನಾ ರೊಕ್ಕ ಕೊಟ್ಟು ಹೊತ್ತು ಕೊಡಲಿಲ್ಲ, ಅದರ ಬೆಲಿ ಅತ್ತಿಯವರು ಕೊಡೂ ಹಂಗ ಆಗಿತ್ತು.

ವೈನಿ, ಈಗ ನಿಮ್ಮ ಪ್ರಶ್ನೆಗೆ ಉತ್ತರ. ನಿಮ್ಮ ಹುಡುಗನ ಕಾರೂ ಟ್ರಕ್ಕೇ, ಓಡಸೂದು ಕಾಲನಿ ಮಣ್ಣಿನ್ಯಾಗ. 3660 ಅಳತಿದು, 3300 ಕೆವಿ, ಸೆನ್ಸರ್ ಇಲ್ಲದ್ದು, ಎರಡು ಸೆಲ್ಲಿನ ಬ್ಯಾಟರಿ. ನಾವೂ ಕಡೀಕೆ ಅದನ್ನೇ ಹಾಕಸೀವಿ. ಮಳಿಗಾಲ ಕಳದು ಈಗೂ ಓಡ್ಲಿಕ್ಕೆ ಹತ್ತೇದ, ಬೆರಳು ಇಟ್ರ ಬೆಚ್ಚಗಷ್ಟೇ ಇರ್ತದ. ನೀರಾಗ ಓಡಿಸಿದ ದಿನ ಒರಸಿ ಒಣಗಿಸಿ ಬೇರಿಂಗಿಗೆ ಒಂದು ಹನಿ ಎಣ್ಣಿ ಬಿಡಬೇಕು, ಇಲ್ಲಾಂದ್ರ ಜಂಗು ಹಿಡೀತದ. ಮೂರು ಸೆಲ್ಲು ಬೇಕಂತ ಹಟಾ ಮಾಡ್ತಾನ, ಮಾಡೇ ಮಾಡ್ತಾನ. ಆಗ ಅವಗ ಬೈಬ್ಯಾಡ್ರಿ. ಒಂದು ಹಾಳಿ ಕೊಟ್ಟು 3300 ಗುಣಲೆ 11.1 ಎಷ್ಟು ಅಂತ ಮಾಡಸ್ರಿ. 36,630 ಅಂತ ಬರ್ತದ. "ಇಷ್ಟು ಸುತ್ತು ತಿರಗಿದ್ರ ಕಾವು ಎಲ್ಲೆ ಹೋಗತದ?" ಅಂತ ಕೇಳ್ರಿ. ಉತ್ತರ ಅವನೇ ಹುಡಕಲಿ.

ಮತ್ತ ಕಪಾಟು, ಟ್ರಂಕು ಒಮ್ಮೆ ತಗದು ನೋಡಿಬಿಡ್ರಿ. ನಿಮ್ಮ ಹುಡುಗಾ ಶಾಣ್ಯಾ ಇದ್ದಾನ, ಖರೆ. ನಮ್ಮವನೂ ಶಾಣ್ಯಾನೇ ಇದ್ದ.